ಅಯಸ್ಕಾಂತಕ್ಕೆ ಅಂಟಿದ ಎರಡು ರೂಪಾಯಿ

ಆ ಶುಕ್ರವಾರ ನಾನು ಯಾರ ಕೆನ್ನೆಗೂ ಬಾರಿಸದೆ ಖಾನಾಪುರದಿಂದ ವಾಪಸು ಬಂದದ್ದು ಪ್ರಮಿಳಕ್ಕ ಜೊತೆಗಿದ್ದರು ಎಂಬ ಒಂದೇ ಕಾರಣಕ್ಕೆ. ಇಲ್ಲದಿದ್ದರೆ ಇಬ್ಬರಿಗಾದರೂ ಬೀಳುತ್ತಿತ್ತು. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ತಪ್ಪು ಕಂಡರೆ ಮೊದಲು ಸೀಟಿ ಊದುವುದು, ಆಮೇಲೆ ವಿಚಾರಿಸುವುದು ನನ್ನ ಅಭ್ಯಾಸ. ಪ್ರಮಿಳಕ್ಕ ಹಾಗಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಅವರು ಬೆಳಗಾವಿಯ ಶಿವಬಸವ ನಗರದ ತಮ್ಮ ಮನೆಯಲ್ಲಿ ಕೆಳಗೆ ಇರುತ್ತಾರೆ, ನಾನು ಮೇಲಿನ ಮಹಡಿಯ ಬಾಡಿಗೆದಾರ. ಊರಿನಲ್ಲಿ ಯಾರಿಗೆ ಬಿಡಿಸಲಾಗದ ತೊಡಕು ಬಂದರೂ ಅವರ ಕಟ್ಟೆಗೆ ಬಂದು ಕೂರುತ್ತಾರೆ. ಅವರನ್ನು ನನ್ನ ಹಳೆಯ ವ್ಯಾನಿನಲ್ಲಿ ಕೂರಿಸಿಕೊಂಡು ತಿರುಗುವುದು, ನಡುನಡುವೆ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ.

ಅಂದು ಮಧ್ಯಾಹ್ನ ಬಂದವಳು ನೇತ್ರಾ. ನೆಹರು ನಗರದ ಔಷಧಿ ಅಂಗಡಿಯಲ್ಲಿ ಪ್ರಮಿಳಕ್ಕನಿಗೆ ಬಿಪಿ ಗುಳಿಗೆ ಕೊಡುವ ಹುಡುಗಿ. ಅಂಗಡಿಯ ಕೋಟನ್ನೂ ಬಿಚ್ಚದೆ ಓಡಿ ಬಂದಿದ್ದಳು.

"ಅಕ್ಕಾರ, ನಮ್ಮವ್ವನ್ನ ಕಳ್ಳಿ ಅಂತ ಹಿಡಿದು ಕುಂದರಿಸ್ಯಾರ್ರಿ," ಅಂದಳು. "ಸಂಜಿತನಕ ನಾಣ್ಯ ಕೊಡದಿದ್ರ ಕೇಸ್ ಹಾಕ್ತಾರಂತ. ಎಲ್ಲಾರ ಎದುರಿಗೆ ಒಯ್ದು ಸೀರಿ ಬಿಚ್ಚಿಸಿ ನೋಡ್ಯಾರ್ರಿ."

ಪ್ರಮಿಳಕ್ಕ ಅವಳಿಗೆ ನೀರು ಕೊಟ್ಟು ಎಲ್ಲವನ್ನೂ ನಿಧಾನವಾಗಿ ಹೇಳಿಸಿದರು. ನೇತ್ರಾಳ ತಾಯಿ ಸಾವಂತ್ರವ್ವ ದೇಸೂರಿನವರು. ದಿನಾ ರೈಲಿನಲ್ಲಿ ಖಾನಾಪುರಕ್ಕೆ ಹೋಗಿ ಅವಧೂತ ಎಂಬ ವ್ಯಾಪಾರಿಯ ಶೆಡ್ಡಿನಲ್ಲಿ ಚಿಲ್ಲರೆ ಆರಿಸುತ್ತಾರೆ. ಅವಧೂತ ಗುಡಿಗಳ ಹುಂಡಿ, ಚಹಾದಂಗಡಿ, ಬಸ್ಸುಗಳ ನಾಣ್ಯಗಳನ್ನು ನೋಟು ಕೊಟ್ಟು ಚೀಲಗಟ್ಟಲೆ ತರುತ್ತಾನೆ. ಹೆಂಗಸರು ಅವುಗಳ ಮೇಲೆ ಅಯಸ್ಕಾಂತ ಆಡಿಸುತ್ತಾರೆ. ಈಚಿನ ಉಕ್ಕಿನ ನಾಣ್ಯಗಳು ಅಂಟಿಕೊಳ್ಳುತ್ತವೆ, ತಾಮ್ರ-ನಿಕಲ್ ಬೆರೆತ ಹಳೆಯವು ಕೆಳಗೇ ಉಳಿಯುತ್ತವೆ. ಅಂಟಿದವು ಮತ್ತೆ ಅಂಗಡಿಗಳಿಗೆ ಚಿಲ್ಲರೆಯಾಗಿ ಹೋಗುತ್ತವೆ. ಉಳಿದವುಗಳಲ್ಲಿ ಅಪರೂಪದ್ದು ಸಿಕ್ಕರೆ ಸಂಗ್ರಹಕಾರರಿಗೆ. ಮಿಕ್ಕ ಹಳೆಯ ನಾಣ್ಯಗಳು ಎಲ್ಲಿಗೆ ಹೋಗುತ್ತವೆ ಎಂದು ನಾನು ಕೇಳಿದಾಗ ನೇತ್ರಾ, "ಬ್ಯಾಂಕಿಗೆ ಕೊಡ್ತೇವಿ ಅಂತಾರ್ರಿ," ಅಂದಳು. ಪ್ರಮಿಳಕ್ಕ ಅವಳನ್ನೇ ಒಂದು ಗಳಿಗೆ ನೋಡಿದರು.

ನಿನ್ನೆ ಸಾವಂತ್ರವ್ವನಿಗೆ ಹನ್ನೊಂದು ಮೂಲೆಯ ಒಂದು ಎರಡು ರೂಪಾಯಿ ಸಿಕ್ಕಿತ್ತು. ಆ ಇಸವಿಯ ಎರಡು ರೂಪಾಯಿಗಳೆಲ್ಲ ತಾಮ್ರ-ನಿಕಲ್ಲಿನವು. ಇದೊಂದು ಮಾತ್ರ ಟಕ್ಕನೆ ಅಯಸ್ಕಾಂತಕ್ಕೆ ಹಾರಿತ್ತು. ಟಂಕಸಾಲೆಯಲ್ಲಿ ಯಾರೋ ಕಣ್ತಪ್ಪಿ ಉಕ್ಕಿನ ಬಿಲ್ಲೆಯ ಮೇಲೆ ಅಚ್ಚು ಒತ್ತಿದ್ದರು. ಅಂಥದ್ದಕ್ಕೆ ಸಂಗ್ರಹಕಾರರು ಲಕ್ಷಗಟ್ಟಲೆ ಕೊಡುತ್ತಾರೆ ಎಂದು ಅವಧೂತ ಕುಣಿದಾಡಿದ್ದ. ಇಂದು ಮಧ್ಯಾಹ್ನ ನೋಡಿದರೆ ಅದರ ಜಾಗದಲ್ಲಿ ಮಾಮೂಲಿ ಎರಡು ರೂಪಾಯಿ ಕೂತಿತ್ತು.

ಶೆಡ್ಡಿಗೆ ಪೊಲೀಸ್ ಹವಾಲ್ದಾರ ಬಾಳಪ್ಪ ಬಂದಿದ್ದಾನೆ ಎಂದು ನೇತ್ರಾಳಿಂದ ತಿಳಿದು ಪ್ರಮಿಳಕ್ಕ ಅವನಿಗೆ ಫೋನ್ ಮಾಡಿದರು. ಹಿಂದೆ ಮೋಸದ ತಕ್ಕಡಿಗಳನ್ನು ಹಿಡಿಯುವಾಗ ಅವನು ಇವರ ಜೊತೆ ಓಡಾಡಿದ್ದ. "ಬಾಳಪ್ಪ, ನಾ ಬರೂತನಕ ಯಾರನ್ನೂ ಹೊರಗ ಬಿಡಬ್ಯಾಡ. ದೊಡ್ಡ ಮಂದಿ ಇದ್ರಂತೂ ಬಿಡಲೇಬ್ಯಾಡ," ಅಂದರು.

ದೇಸೂರು ದಾಟುವವರೆಗೂ ನಾನು ಹಲ್ಲು ಕಡಿಯುತ್ತಲೇ ವ್ಯಾನು ಓಡಿಸಿದೆ. ಒಂದು ಬಿಲ್ಲೆಗಾಗಿ ತಾಯಿಯಂಥ ಹೆಂಗಸಿನ ಸೀರೆ ಬಿಚ್ಚಿಸುವುದೆಂದರೇನು? ಹಿಂದಿನ ಸೀಟಿನಲ್ಲಿ ನೇತ್ರಾ ಅಳುವುದನ್ನೂ ಬಿಟ್ಟು ಗಟ್ಟಿಯಾಗಿ ಕೂತಿದ್ದಳು.

ಶೆಡ್ಡು ಖಾನಾಪುರದ ಹೊರಗೆ, ಮಲಪ್ರಭೆಯ ಕಡೆಗೆ ಇಳಿಯುವ ರಸ್ತೆಯಲ್ಲಿತ್ತು. ಮುಂದೆ ಚೀಲಗಳ ರಾಶಿ, ಅದರ ಪಕ್ಕ ಹೆಂಗಸರು ಗುಂಪಾಗಿ ಕೂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಒಳಗಿನ ಕೋಣೆಯಲ್ಲಿ ಒಂದು ಸ್ಟೀಲ್ ಕಪಾಟು, ಮೇಜು, ಮೂಲೆಯಲ್ಲಿ ಲಕ್ಷ್ಮಿಯ ಫೋಟೊ, ಅದರ ಮುಂದೆ ಹಿತ್ತಾಳೆಯ ತಟ್ಟೆ ಮತ್ತು ಊದಿನಕಡ್ಡಿಯ ಸ್ಟ್ಯಾಂಡು. ಸಾವಂತ್ರವ್ವ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಹಣೆಯ ಮೇಲೆ ಬೆಳ್ಳನೆಯ ವಿಭೂತಿ. ಮುಖದ ಬೆವರನ್ನು ಸೆರಗಿನಿಂದ ಒರೆಸಿಕೊಂಡರೂ ಅದು ಅಳಿಸಿರಲಿಲ್ಲ. ಮಗಳನ್ನು ಕಂಡು ನಾಚಿ ಮುಖ ಆ ಕಡೆ ತಿರುಗಿಸಿದರು. ನಾಚಬೇಕಾದವರು ಕುರ್ಚಿಗಳ ಮೇಲೆ ಕೂತಿದ್ದರು.

ಅವಧೂತ ಎದ್ದು ಬಂದ. ತೆಳ್ಳಗಿನ, ಇಸ್ತ್ರಿ ಅಂಗಿಯ ಮನುಷ್ಯ. "ಬರ್ರಿ ಬಾಯಾರ, ಕುಂದರ್ರಿ. ನಾವೇನ್ ಅನ್ಯಾಯ ಮಾಡಿಲ್ರಿ. ಎಲ್ಲಾರ ಕಿಸೆನೂ ತಪಾಸಣಿ ಮಾಡೇವಿ, ನನ್ನ ಕಿಸೆನೂ ತೋರ್ಸೇನಿ. ಹೆಣಮಕ್ಳನ್ನ ಗಂಡಸೂರು ಮುಟ್ಟೂದು ಬ್ಯಾಡ ಅಂತ ಡಾಕ್ಟರ ಬಾಯಾರು ಸ್ವತಾ ನೋಡಿದ್ರು."

'ಡಾಕ್ಟರ ಬಾಯಾರು' ಎಂದರೆ ಮುಗ್ಧಾ. ಬೆಳಗಾವಿಯ ಹಲ್ಲಿನ ಡಾಕ್ಟರು, ನಾಣ್ಯ ಸಂಗ್ರಹದಲ್ಲಿ ಹೆಸರಾದವರು. ಆ ನಾಣ್ಯ ಕೊಳ್ಳಲೆಂದೇ ಇಂದು ಬಂದಿದ್ದರು. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಫೋನು. ನಾವು ಒಳಗೆ ಬಂದಾಗ ಆಸ್ಪತ್ರೆಯವರ ಜೊತೆ ಮಾತಾಡುತ್ತಿದ್ದರು. ಮಾತು ಮುಗಿಸಿ ಫೋನನ್ನು ಪಕ್ಕದ ಕಪಾಟಿನ ಬಾಗಿಲಿಗೆ ಒತ್ತಿದರು. ಅದು ಜಾರಿತು. ಬೀಳುವ ಮೊದಲೇ ಹಿಡಿದು ಮಡಿಲಲ್ಲಿ ಇಟ್ಟುಕೊಂಡರು. ಚಹಾ ಸ್ವಲ್ಪ ಸೀರೆಯ ಮೇಲೆ ಚೆಲ್ಲಿತು. ಚೆಲ್ಲಲಿ ಎಂದು ನನಗೆ ಒಳಗೊಳಗೆ ಖುಷಿಯಾಯಿತು.

"ಪಾಪ, ಬಡವರು. ಮನಸು ಒಂದು ಗಳಿಗಿ ಜಾರಿರ್ತದ," ಅಂದರು ಮುಗ್ಧಾ. "ಕೊಟ್ಟರ ಬಿಟ್ಟುಬಿಡ್ರಿ ಅಂತ ನಾನ ಅವಧೂತಗ ಹೇಳೇನಿ. ನನಗ ಪೇಶಂಟ್ ಕಾಯಾಕತ್ತಾರ, ಹೋಗಬೇಕು."

"ಒಂದೆರಡು ಮಾತು ಕೇಳಿ ಕಳಸ್ತೇನ್ರಿ," ಎನ್ನುತ್ತ ಪ್ರಮಿಳಕ್ಕ ಕುರ್ಚಿ ಬಿಟ್ಟು ನೆಲದ ಮೇಲೆ ಸಾವಂತ್ರವ್ವನ ಬಾಜು ಕೂತರು. "ನಿನ್ನೆಯಿಂದ ಹೇಳವ್ವ."

ಸಾವಂತ್ರವ್ವನ ದನಿ ಒಡೆದಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. "ಬಂದ ಚಿಲ್ಲರಿ ಮೊದಲ ಹುಣಸಿ ನೀರಾಗ ತಿಕ್ಕಿ ತೊಳೀತೇವ್ರಿ, ಇಸವಿ ಕಾಣಲಿ ಅಂತ. ಆಮ್ಯಾಲ ಆರಸ್ತೇವಿ. ಆ ನಾಣ್ಯ ಸಿಕ್ಕಕೂಡ್ಲೆ ಇಲ್ಲೇ ತಂದು ತಟ್ಟ್ಯಾಗ ಇಟ್ಟೆ. ಚಲೋದ್ದು ಸಿಕ್ರ ದೇವರ ಮುಂದ ಇಡೂದು ಇಲ್ಲಿ ಪದ್ಧತಿ. ನಾಣ್ಯಕ್ಕ ಉಳದವರು ಅರಿಷಿಣ-ಕುಂಕುಮ ಹಚ್ತಾರ, ನಾ ಮೂರು ಗೆರಿ ವಿಭೂತಿ ಹಚ್ತೇನಿ. ರಾತ್ರಿ ಮಾಲಕ್ರು ಕಪಾಟಿನ್ಯಾಗಿಟ್ಟು ಮುಂಜಾನಿ ಮತ್ತ ತಟ್ಟ್ಯಾಗ ಇಟ್ರು."

"ಇವತ್ತು?"

"ಡಾಕ್ಟರು ಬಂದ್ರು, ನೋಡಿದ್ರು. ಅವರ ಫೋನಿಗೆ ಅಯಸ್ಕಾಂತ ಐತ್ರಿ. ಕಪಾಟಿಗೆ ಹಲ್ಲಿ ಹಂಗ ಅಂಟ್ಕೊಂಡಿತ್ತು, ನಾವೆಲ್ಲಾ ನಕ್ಕಿವಿ. ರೇಟು ಕುದರಲಿಲ್ಲ. ಅಷ್ಟರಾಗ ಟೆಂಪೊ ಬಂತು, ಮಾಲಕ್ರು ಹೊರಗ ಹೋದ್ರು. ಡಾಕ್ಟರು ಚಾ ಕುಡಕೋತ ಇಲ್ಲೇ ಕುಂತ್ರು. ಅವರು ಕೈ ತೊಳ್ಯಾಕ ಹ್ವಾದಾಗ ನಾ ಬುತ್ತಿ ಒಯ್ಯಾಕ ಬಂದೆ, ದೇವರಿಗೆ ಕೈ ಮುಗದೆ, ಹೋದೆ. ನನ್ನ ಹಿಂದ ವಿಕ್ರಮ ಬಂದ್ರು, ಟೆಂಪೊ ಚಾವಿ ಒಯ್ಯಾಕ."

ಮೂವರೂ ಒಬ್ಬೊಬ್ಬರೇ ಒಳಗಿದ್ದರು ಎಂದಾಯಿತು. ವಿಕ್ರಮ ಅವಧೂತನ ಹೆಂಡತಿಯ ತಮ್ಮ, ಟೆಂಪೊ ಓಡಿಸುವವನು. ಬಾಗಿಲಲ್ಲಿ ನಿಂತು ಚಾವಿ ತಿರುಗಿಸುತ್ತಿದ್ದ. ಕೈಗಳಿಗೆ ಮಸಿ, ತೋಳಿನ ಮೇಲೆ ಹೊಸ ಸುಟ್ಟ ಗಾಯ. "ಭಾವೋಜಿ, ನಾ ಹೊಂಟೆ, ಗಿರಾಕಿ ಕಾಯಾಕತ್ತಾನ," ಎಂದು ಎರಡು ಸಲ ಹೇಳಿದ. ಇವನೇ ಕಳ್ಳ ಎಂದು ನನಗೆ ಖಾತ್ರಿಯಾಯಿತು. ಎದ್ದು ಅವನ ಕಾಲರಿಗೆ ಕೈ ಹಾಕಿಯೇ ಬಿಟ್ಟಿದ್ದೆ. "ವಿನಯಾ, ಕುಂದರ," ಅಂದರು ಪ್ರಮಿಳಕ್ಕ. ಕೂತೆ.

ಬಾಳಪ್ಪ ತಟ್ಟೆಯಲ್ಲಿದ್ದ ಬದಲಿ ನಾಣ್ಯವನ್ನು ಕಾಗದದ ಮೇಲೆ ಇಟ್ಟು ತೋರಿಸಿದ. ಪ್ರಮಿಳಕ್ಕ ಭೂತಗನ್ನಡಿ ತೆಗೆದು ನೋಡಿ ನನಗೂ ಕೊಟ್ಟರು. ಅಶೋಕ ಸ್ತಂಭದ ಗೆರೆಗಳು ಈಗ ತಾನೇ ಅಚ್ಚಾದ ಹಾಗೆ ಚೂಪಾಗಿದ್ದವು. ಎಲ್ಲೂ ತಿಕ್ಕಿದ ಗೀರಿಲ್ಲ, ಮೈಯಲ್ಲಿ ತಾನಾಗಿ ಬಂದ ಮಂದ ಹೊಳಪು. ಇಸವಿಯ ಕೆಳಗೆ ಯಾವ ಟಂಕಸಾಲೆಯದೆಂದು ತಿಳಿಸುವ ಚಿಕ್ಕಿಯ, ಅಂದರೆ ನಕ್ಷತ್ರದ, ಗುರುತು. ಮೇಲೆ ಮೂರು ಬೂದು ಗೆರೆಗಳು. ಪ್ರಮಿಳಕ್ಕ ಮೆಲ್ಲಗೆ ಊದಿದರು. ಗೆರೆಗಳು ಹಾರಿ ಹೋದವು.

"ಹೋದ ನಾಣ್ಯಕ್ಕೂ ಇದ ಇಸವಿ, ಇದ ಚಿಕ್ಕಿ ಇತ್ತೇನು?" ಎಂದು ಕೇಳಿದರು.

"ಹೌದ್ರಿ," ಅಂದ ಅವಧೂತ. "ಖರೇ ಅಂದ್ರ ಅದಕ್ಕ ನನಗ ಲಗೂನ ಗೊತ್ತಾಗಲಿಲ್ಲ. ಅಯಸ್ಕಾಂತ ಹಿಡದು ನೋಡಿದಾಗ ಅಂಟಲಿಲ್ಲ. ಇಸವಿ, ಚಿಕ್ಕಿ ಎಲ್ಲಾ ನಿನ್ನೇನ ಡಾಕ್ಟರಿಗೆ ಫೋನಿನ್ಯಾಗ ಹೇಳಿದ್ದೆ."

"ಡಾಕ್ಟರ, ಹುಣಸಿ ನೀರಾಗ ತೊಳದ್ರ ನಾಣ್ಯಕ್ಕ ಏನಾಗ್ತದ?"

"ಹಾಳಾಗ್ತದ," ಮುಗ್ಧಾ ಮುಖ ಸಿಂಡರಿಸಿದರು. "ಮೈ ಎಲ್ಲಾ ಗೀರು ಬೀಳ್ತಾವ. ಇವರಿಗೆ ಎಷ್ಟು ಹೇಳಿದ್ರೂ ತಿಳೀವಲ್ದು. ನಮ್ಮಂಥವರು ನಾಣ್ಯಾನ ಎಂದೂ ತೊಳ್ಯಾಂಗಿಲ್ಲ."

ಪ್ರಮಿಳಕ್ಕ ತಲೆ ಆಡಿಸಿ ಹೊರಗೆ ಹೋದರು. ಟೆಂಪೊಗೆ ಹೊದಿಸಿದ್ದ ತಾಡಪತ್ರಿ ಎತ್ತಿ ಒಳಗಿದ್ದ ಒಂದು ಚೀಲವನ್ನು ಕೈಯಿಂದ ಎತ್ತಲು ನೋಡಿದರು. ಎತ್ತಲಾಗಲಿಲ್ಲ. ಅಲುಗಿಸಿದರೂ ಚಿಲ್ಲರೆಯ ಸಪ್ಪಳ ಬರಲಿಲ್ಲ. ಬಾಳಪ್ಪನ ಕಿವಿಯಲ್ಲಿ ಏನೋ ಹೇಳಿದರು. ಅವನು ಟೆಂಪೊದ ಚಾವಿಯನ್ನು ವಿಕ್ರಮನಿಂದ ಇಸಿದುಕೊಂಡ. ಆಮೇಲೆ ಅವರು ಚೀಲಗಳ ಹತ್ತಿರ ಕೂತಿದ್ದ ಹೆಂಗಸರನ್ನೂ ಒಳಗೆ ಕರೆದರು. ಅವಧೂತ ಬೇಡವೆಂದ. "ತಪಾಸಣಿ ಇವರೆಲ್ಲಾರ ಮುಂದ ಆಗೇತಿ. ಇದೂ ಇವರ ಮುಂದ ಆಗಲಿ," ಅಂದರು ಪ್ರಮಿಳಕ್ಕ. ಅಷ್ಟು ಗಡುಸಾದ ದನಿಯನ್ನು ನಾನು ಅವರಿಂದ ಹಿಂದೆ ಕೇಳಿರಲಿಲ್ಲ.

ಕೋಣೆ ತುಂಬಿತು. ಪ್ರಮಿಳಕ್ಕ ಮೇಜಿನ ಪಕ್ಕ ನಿಂತರು.

"ಮೊದಲ ಸಾವಂತ್ರವ್ವನ ಮಾತು. ಆಕಿ ಕದ್ದಾಳ ಅಂದ್ರ, ಬದಲಿ ನಾಣ್ಯ ಇಟ್ಟಾಕಿನೂ ಆಕಿನ. ಅದಕ್ಕ ಮೂರು ಗೆರಿ ಎಳದಾಕಿನೂ ಆಕಿನ. ಅವ್ವಾ, ನಿನ್ನ ವಿಭೂತಿ ಎಲ್ಲಿ?"

ಸಾವಂತ್ರವ್ವ ಬುತ್ತಿಯ ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ಅಂಗೈಯಲ್ಲಿ ನೀರು ಹಾಕಿ ತೇಯ್ದು, ಪ್ರಮಿಳಕ್ಕ ಕೊಟ್ಟ ಒಂದು ರೂಪಾಯಿಗೆ ಮೂರು ಬೆರಳಿನಿಂದ ಎಳೆದರು. ಗಾಳಿಗೆ ಹಿಡಿದದ್ದೇ ಬೆಳ್ಳಗೆ ಒಣಗಿ ಅಕ್ಷರಗಳ ಸಂದಿನಲ್ಲಿ ಗಟ್ಟಿಯಾಯಿತು. ಪ್ರಮಿಳಕ್ಕ ಊದಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ.

"ತಟ್ಟ್ಯಾಗಿನ ನಾಣ್ಯಾನ ಊದಿದ್ರ ಹಾರಿತು. ಅದು ಊದಿನಕಡ್ಡಿ ಬೂದಿ. ಒಣಾ ಬೂದಿ ಚಿವುಟಿ ಹಚ್ಚ್ಯಾರ. ಬಗಲಾಗ ವಿಭೂತಿ ಗಟ್ಟಿ ಇಟ್ಟಕೊಂಡಾಕಿ ಕಡ್ಡಿ ಬೂದಿ ಯಾಕ ಮುಟ್ತಾಳ? ಹುಟ್ಟಿದಾಗಿಂದ ಹಣಿಗೆ ಹಚ್ಚಿಕೊಂಡಾಕಿ ಅದು. ಇದು ವಿಭೂತಿ ಅಂದ್ರ ಬೂದಿ, ಬೂದಿ ಅಂದ್ರ ಯಾವುದಾದ್ರೂ ನಡೀತದ ಅಂತ ತಿಳಕೊಂಡವರ ಕೆಲಸ."

ಹೆಂಗಸರಲ್ಲಿ ಗುಜುಗುಜು ಎದ್ದಿತು. ಅವಧೂತ ವಿಕ್ರಮನ ಕಡೆ ನೋಡಿದ. ವಿಕ್ರಮ ಟೆಂಪೊದ ಕಡೆ ನೋಡಿದ.

"ಇನ್ನ ಬದಲಿ ನಾಣ್ಯ ಬಂದದ್ದೆಲ್ಲಿಂದ?" ಪ್ರಮಿಳಕ್ಕ ಮುಂದುವರಿಸಿದರು. "ಈ ಶೆಡ್ಡಿನ ನಾಣ್ಯ ಎಲ್ಲಾ ಚೀಲದಾಗ ತಿಕ್ಕಾಡಿ ಸವದಾವ, ಹುಣಸಿ ನೀರಾಗ ಗೀರು ಬಿದ್ದಾವ. ಇದು ಸವದೂ ಇಲ್ಲ, ತೊಳದೂ ಇಲ್ಲ. ಯಾರೋ ಅಲ್ಬಮ್ಮಿನ್ಯಾಗ ಜೋಪಾನ ಮಾಡಿದ್ದು. ಅದರಾಗೂ ಅದ ಇಸವಿ, ಅದ ಚಿಕ್ಕಿ. ವಿಕ್ರಮ ಚಾವಿ ಒಯ್ಯೂ ಹೊತ್ತಿನ್ಯಾಗ ಅಂಥಾದ್ದು ಹುಡುಕಾಕ ಆಗೂದಿಲ್ಲ. ಅವಧೂತ ಕದಿಯೂದಾದ್ರ ಬದಲಿ ಯಾಕ ಬೇಕು? ರಾತ್ರಿ ನಾಣ್ಯ ಅವನ ಕಪಾಟಿನ್ಯಾಗ ಇತ್ತು. ನಿನ್ನೆ ಫೋನಿನ್ಯಾಗ ಇಸವಿ ಕೇಳಿ, ಮನಿಯಿಂದ ಜೋಡಿ ಆರಿಸಿ ತಂದವರು ಒಬ್ಬರ. ರೇಟು ಕುದರದಿದ್ರ ಇರಲಿ ಅಂತ. ನಾಣ್ಯ ಎಂದೂ ತೊಳ್ಯಾಂಗಿಲ್ಲ ಅಂತ ಅವರ ಬಾಯಿಲೆ ಹೇಳ್ಯಾರ."

ಎಲ್ಲರ ಕಣ್ಣೂ ಮುಗ್ಧಾ ಮೇಲೆ ಬಿತ್ತು. ಅವರು ನಕ್ಕರು. "ನನ್ನ ಬ್ಯಾಗ್ ಎಲ್ಲಾರ ಮುಂದ ಸುರುವಿ ತೋರ್ಸೇನ್ರಿ."

"ಬ್ಯಾಗ್ ತೋರಿಸೀರಿ. ಫೋನ್ ಯಾರೂ ನೋಡಿಲ್ಲ. ಅದನ್ನ ಒಮ್ಮೆ ಈ ಕಪಾಟಿಗೆ ಹಚ್ಚ್ರಿ, ಮುಂಜಾನಿ ಹಚ್ಚಿದ್ರೆಲ್ಲ, ಹಂಗ."

"ಅದರಾಗ ನನ್ನ ಪೇಶಂಟ್ ವಿಷಯ ಇರ್ತಾವ."

"ತಗದು ಓದ್ರಿ ಅಂದಿಲ್ರಿ ಅವರು," ಅಂದ ಬಾಳಪ್ಪ. "ಕಪಾಟಿಗೆ ಹಚ್ಚ್ರಿ ಅಂದ್ರು."

ಮುಗ್ಧಾ ಫೋನನ್ನು ಬಾಗಿಲಿಗೆ ಒತ್ತಿ ಹಿಡಿದರು. ಕೈ ಬಿಡಲಿಲ್ಲ. "ಕೈ ತಗೀರಿ," ಅಂದರು ಪ್ರಮಿಳಕ್ಕ. ತೆಗೆದರು. ಫೋನು ಜಾರಿ ಮೇಜಿನ ಮೇಲೆ ಬಿತ್ತು.

"ಫೋನಿನ ಬೆನ್ನಿಗೆ ಅಯಸ್ಕಾಂತ, ಅದರ ಮ್ಯಾಲ ತೆಳ್ಳನ ಕವರ್. ಮುಂಜಾನಿ ಅಂಟಿದ್ದು ಈಗ ಅಂಟವಲ್ದು ಅಂದ್ರ ಎರಡರ ನಡುವ ಏನೋ ಬಂದು ಕುಂತೈತಿ. ಮಾಮೂಲಿ ಎರಡು ರೂಪಾಯಿ ಆಗಿದ್ರ ಒಳಗ ಸರದಾಡಿ ಸಪ್ಪಳ ಮಾಡ್ತಿತ್ತು. ಇದು ಅಯಸ್ಕಾಂತಕ್ಕ ಕಚ್ಚಿ ಗಪ್ಪನ ಕುಂತದ. ನಾವು ಬಂದಾಗ ಬಾಯಾರು ರೂಢಿ ಬಲದಿಂದ ಕಪಾಟಿಗೆ ಹಚ್ಚಾಕ ಹೋದ್ರು, ಜಾರಿತು. ಅವಾಗ ನನಗ ಸಂಶೆ ಬಂತು. ಬಾಳಪ್ಪ, ಕವರ್ ತಗಿ."

ಬಾಳಪ್ಪ ಕವರಿನ ಮೂಲೆ ಎಳೆದ. ಕಪ್ಪು ಅಯಸ್ಕಾಂತದ ಮೇಲೆ ಹನ್ನೊಂದು ಮೂಲೆಯ ಎರಡು ರೂಪಾಯಿ ಅಂಟಿಕೊಂಡಿತ್ತು. ಅಕ್ಷರಗಳ ಸಂದಿನಲ್ಲಿ ಬೆಳ್ಳನೆಯ ವಿಭೂತಿ ಹಾಗೇ ಉಳಿದಿತ್ತು.

ಸಾವಂತ್ರವ್ವ ಮೆಲ್ಲಗೆ ಎದ್ದು ನಿಂತರು. "ನನ್ನ ತಪಾಸಣಿ ಮಾಡುವಾಗ ಬ್ಯಾಟ್ರಿ ಹಚ್ಚಿದ್ದು ಇದ ಫೋನ್ ಐತಿ," ಅಂದರು. "ಚೀಲದ ಹಿಂದ ಒಯ್ದು, ಸೀರಿ ಬಿಚ್ಚಿಸಿ, ಇದರ ಬೆಳಕಿನ್ಯಾಗ ನನ್ನ ನೋಡಿದ್ರು. ನಾಣ್ಯ ಅವರ ಕೈಯಾಗ ಇತ್ತು. ಅವರಿಗೆ ಗೊತ್ತಿತ್ತು."

ಕದ್ದದ್ದನ್ನು ನಾನು ಹೇಗೋ ನುಂಗಿಕೊಂಡೇನು, ಜಗತ್ತಿನಲ್ಲಿ ಕಳ್ಳರಿಗೇನು ಕಡಿಮೆ. ಕದ್ದ ಮಾಲನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೇ, ಅದನ್ನು ಹುಡುಕುವ ನಾಟಕದಲ್ಲಿ ಇನ್ನೊಬ್ಬಳ ಸೀರೆ ಬಿಚ್ಚಿಸಿದ ಆ ತಣ್ಣನೆಯ ಧೈರ್ಯಕ್ಕೆ ಏನೆನ್ನುವುದು? ಮೇಲೆ 'ಪಾಪ, ಬಡವರು' ಎಂಬ ಉಪಕಾರದ ಮಾತು ಬೇರೆ. ನಾನು ಏನೋ ಕೂಗಿರಬೇಕು. ಪ್ರಮಿಳಕ್ಕ ಈ ಸಲ ಕೂರು ಎನ್ನಲಿಲ್ಲ.

ಮುಗ್ಧಾ ಬೆಳ್ಳಗಾಗಿದ್ದರು. "ನಾ ಇದರ ಪೂರ್ತಿ ರೇಟು ಕೊಡ್ತೇನಿ. ಈ ಹೆಣಮಗಳಿಗೂ ಏನರ ಕೊಡ್ತೇನಿ. ಇಲ್ಲೇ ಮುಗಸೂಣು," ಅಂದರು.

ಆಶ್ಚರ್ಯವೆಂದರೆ ಅವಧೂತನ ಮುಖ ಅರಳಿತು. "ಹೌದ್ರಿ, ನಾಣ್ಯ ಸಿಕ್ತು, ಮುಗೀತು. ಕೇಸು ಗೀಸು ಯಾಕ? ಸಾವಂತ್ರವ್ವ, ನಾಳಿಂದ ಕೆಲಸಕ್ಕ ಬಾ. ಮನಸಿನ್ಯಾಗ ಇಟ್ಕೋಬ್ಯಾಡ."

"ನಿನ್ನ ಲೆಕ್ಕ ಬ್ಯಾರೆ ಐತಿ ಅವಧೂತ," ಅಂದರು ಪ್ರಮಿಳಕ್ಕ. "ಟೆಂಪೊದ ಚೀಲದಾಗ ಚಿಲ್ಲರಿ ಇಲ್ಲ. ಕರಗಿಸಿ ಎರಕ ಹೊಯ್ದ ಗಟ್ಟಿ ಅದಾವ. ಹಳೇ ದಪ್ಪನ ಐದು ರೂಪಾಯಿ, ಎರಡು ರೂಪಾಯಿ. ವಿಕ್ರಮನ ಕೈ ಸುಟ್ಟದ್ದು ಆ ಕುಲುಮ್ಯಾಗ. ಬ್ಯಾಂಕಿಗೆ ಕೊಡ್ತೇವಿ ಅಂತ ಈ ಹೆಣಮಕ್ಳ ಕೈಲೆ ಆರಿಸಿಸಿ, ಲೋಹದ ರೇಟಿಗೆ ಮಾರಾಕತ್ತೀ. ಸರಕಾರದ ನಾಣ್ಯ ಕರಗಿಸಿದ್ರ ಜೈಲು ಅನ್ನೂದು ನಿನಗ ಗೊತ್ತಿಲ್ಲೇನು?"

ವಿಕ್ರಮ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಅಲ್ಲಿ ನಾನು ನಿಂತಿದ್ದೆ. ಅವನು ಮತ್ತೆ ಹಿಂದೆ ಸರಿದ.

ಅವಧೂತನ ದನಿ ಕೆಳಗಿಳಿಯಿತು. ಅವನು ಪ್ರಮಿಳಕ್ಕನಿಗೆ ಹೇಳಲಿಲ್ಲ, ಸಾವಂತ್ರವ್ವನಿಗೆ ಹೇಳಿದ. "ನೋಡವ್ವ, ಶೆಡ್ಡು ಮುಚ್ಚಿದ್ರ ಈ ಎಲ್ಲಾ ಹೆಣಮಕ್ಳ ಹೊಟ್ಟಿ ಮ್ಯಾಲ ಕಲ್ಲು ಬೀಳ್ತದ. ನಿನ್ನಿಂದ ಆತು ಅನ್ನೂ ಹಂಗ ಮಾಡ್ಕೋಬ್ಯಾಡ. ನೀ ಸುಮ್ಮನಾದ್ರ ಎಲ್ಲಾ ಸುಮ್ಮನಾಗ್ತದ."

ನೇತ್ರಾ ತಾಯಿಯ ಕೈ ಹಿಡಿದಳು. ಸಾವಂತ್ರವ್ವ ಆ ಕೈ ಬಿಡಿಸಿಕೊಂಡು, ಮುಗ್ಧಾ ಕೂತಿದ್ದ ಕುರ್ಚಿಯ ಎದುರಿನ ಖಾಲಿ ಕುರ್ಚಿಯನ್ನು ಮೇಜಿನ ಬಳಿಗೆ ಎಳೆದುಕೊಂಡು ಕೂತರು.

"ಹವಾಲ್ದಾರ, ಬರಕೋರಿ," ಅಂದರು. "ನಾಣ್ಯದ್ದು ಮಾಲಕ್ರು ಏನರ ಮಾಡ್ಕೊಳ್ಳಿ. ನಾ ಕೊಡೂದು ನನ್ನ ಮೈ ಮುಟ್ಟಿದ್ದರ ತಕರಾರು. ಯಾರು ಒಯ್ದ್ರು, ಯಾರು ಒಯ್ಯಾಕ ಹೇಳಿದ್ರು, ಎರಡೂ ಹೆಸರು ಬರೀರಿ."

"ಸಾಕ್ಷಿ ಯಾರದಾರ ಅಂತ ಕೇಳ್ತಾರವ್ವ," ಅಂದ ಬಾಳಪ್ಪ ಮೆತ್ತಗೆ. "ಚೀಲದ ಹಿಂದ ನಡದದ್ದು."

ಕೋಣೆಯಲ್ಲಿ ಹೆಂಗಸರು ತಲೆ ತಗ್ಗಿಸಿಯೇ ನಿಂತಿದ್ದರು. ಮಧ್ಯಾಹ್ನ ಸಾವಂತ್ರವ್ವನನ್ನು ಕರೆದೊಯ್ಯುವಾಗಲೂ ಹೀಗೇ ನಿಂತಿರಬೇಕು. ಅವರ ಮೇಲೂ ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಆಗ ಹಿಂದಿನಿಂದ ಮಾಯಕ್ಕ ಎಂಬ ವಯಸ್ಸಾದ ಹೆಂಗಸು ಮುಂದೆ ಬಂದು, ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಅಯಸ್ಕಾಂತದ ದಾರ ಬಿಚ್ಚಿ ಅವಧೂತನ ಮೇಜಿನ ಮೇಲೆ ಇಟ್ಟಳು.

"ನಾ ನೋಡೇನಿ," ಅಂದಳು. "ಆಕಿ ಅಳೂದೂ ಕೇಳೇನಿ. ನನ್ನ ಹೆಸರು ಬರೀರಿ."

ಅವಳ ಹಿಂದೆ ಇನ್ನೊಬ್ಬಳು ಬಂದಳು, ಆಮೇಲೆ ಮತ್ತೊಬ್ಬಳು. ಹೊರಗೆ ಉಳಿದವರೂ ಬಾಗಿಲಿಗೆ ಬಂದು ನಿಂತರು. ಸಾಲಿನಲ್ಲಿದ್ದ ಅರ್ಧದಷ್ಟು ಹೆಂಗಸರ ಹೆಸರು ಬರೆಯುವಷ್ಟರಲ್ಲಿ ಬಾಳಪ್ಪನ ಹಾಳೆ ತುಂಬಿತು. ಅವನು ತಲೆ ಎತ್ತದೆಯೇ ಕೈ ಚಾಚಿ ಇನ್ನೊಂದು ಹಾಳೆ ಕೇಳಿದ. ಕಾಗದ ಇದ್ದದ್ದು ಅವಧೂತನ ಕಪಾಟಿನಲ್ಲಿ. ಅವನೇ ಎದ್ದು ತೆಗೆದು ಕೊಟ್ಟ.